ಪವರ್ ವೀಲ್‌ಚೇರ್ ಮೋಟಾರ್, ಬ್ರೇಕ್ ಕೈಕೊಟ್ಟಾಗ: ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕುಶಾಲನಗರದ ಕಡೆ ಬಿಟ್ಟರೆ ಕೊಡಗಿನಲ್ಲಿ ಸಪಾಟಾದ ಜಾಗ ಕಡಿಮೆ. ಗೇಟಿನಿಂದ ಮನೆಗೆ ಏರು, ಮನೆಯಿಂದ ಕಾಫಿ ಕಣಕ್ಕೆ ಇಳಿಜಾರು, ರಸ್ತೆಗೆ ಬಂದರೆ ಮತ್ತೆ ತಿರುವು. ಅದರ ಮೇಲೆ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಕುರ್ಚಿಯ ಜೊತೆ ಬರುವ ಪುಸ್ತಕ ಇಂಥ ಜಾಗವನ್ನು ನೆನೆದು ಬರೆದದ್ದಲ್ಲ. ಅದಕ್ಕೇ ಇಲ್ಲಿನ ಮನೆಗಳವರು ಕೇಳುವ ಪ್ರಶ್ನೆಗಳನ್ನು ಒಟ್ಟು ಮಾಡಿ ಉತ್ತರ ಬರೆದಿದ್ದೇನೆ. ಹೆಚ್ಚಿನ ಮಾತು ಎರಡು ಮೋಟಾರ್, ಎರಡು 12 ವೋಲ್ಟ್ ಬ್ಯಾಟರಿ ಸೇರಿ 24 ವೋಲ್ಟ್‌ನಲ್ಲಿ ಓಡುವ ಮಾಮೂಲಿ ಕುರ್ಚಿಗಳ ಬಗ್ಗೆ. ಮಡಚುವ ಲಿಥಿಯಂ ಕುರ್ಚಿಗಳ ವಿಷಯ ಕೊನೆಯ ಕಡೆ ಇದೆ.

ಕೈ ಹಾಕುವ ಮೊದಲು ಒಂದು ಮಾತು. ಕುರ್ಚಿಯಲ್ಲಿ ಯಾರೂ ಕೂತಿರಬಾರದು. ಚಾಲನೆಯ ಎರಡೂ ಚಕ್ರ ನೆಲ ಬಿಟ್ಟು ಮೇಲಿರುವಂತೆ ಅಡಿಗೆ ಗಟ್ಟಿ ಮರದ ತುಂಡು ಕೊಡಿ. ಮುಚ್ಚಳ ಬಿಚ್ಚುವುದಾದರೆ ಬ್ಯಾಟರಿ ಪ್ಲಗ್ ಕಿತ್ತಿಡಿ, ಉಂಗುರ ಬಳೆ ತೆಗೆದಿಡಿ. ಬ್ಯಾಟರಿಯ ಎರಡು ತುದಿಗೆ ಪಾನಾ ತಾಗಿದರೆ ಲೋಹವೇ ಕೆಂಪಾಗುವಷ್ಟು ಕರೆಂಟ್ ಹರಿಯುತ್ತದೆ.

ನಮ್ಮ ಕುರ್ಚಿಗೆ ಬ್ರೇಕ್ ಹಿಡಿಯೇ ಇಲ್ಲ. ಹಾಗಾದರೆ ಬ್ರೇಕ್ ಎಲ್ಲಿದೆ?

ಎರಡು ಕಡೆ ಇದೆ. ಜಾಯ್‌ಸ್ಟಿಕ್ ಬಿಟ್ಟಾಗ ಕುರ್ಚಿಯನ್ನು ನಿಧಾನ ಮಾಡಿ ನಿಲ್ಲಿಸುವುದು ಮೋಟಾರೇ. ಕಂಟ್ರೋಲರ್ (ಜಾಯ್‌ಸ್ಟಿಕ್ ಹೇಳಿದಂತೆ ಮೋಟಾರಿಗೆ ಕರೆಂಟ್ ಕೊಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಅದನ್ನು ಜನರೇಟರ್ ಥರ ಮಾಡಿ ಚಕ್ರವನ್ನು ತಡೆಯುತ್ತದೆ, ಹುಟ್ಟಿದ ಕರೆಂಟನ್ನು ಬ್ಯಾಟರಿಗೆ ಹಿಂತಿರುಗಿಸುತ್ತದೆ.

ಪೂರ್ತಿ ನಿಂತ ಮೇಲೆ ಹಿಡಿದು ಕೂರುವುದು ಇನ್ನೊಂದು ಬ್ರೇಕ್. ಮೋಟಾರಿನ ಹಿಂಬದಿಯಲ್ಲಿ, ಗೇರ್ ಪೆಟ್ಟಿಗೆಯ ಎದುರು ತುದಿಯಲ್ಲಿ, ದುಂಡನೆಯ ಮುಚ್ಚಳದೊಳಗೆ ಇರುತ್ತದೆ. ಒಳಗೆ ಸ್ಪ್ರಿಂಗ್, ಕಬ್ಬಿಣದ ತಟ್ಟೆ, ಶಾಫ್ಟ್ ಜೊತೆ ತಿರುಗುವ ಡಿಸ್ಕ್ ಮತ್ತು ಒಂದು ಕಾಯಿಲ್, ಅಂದರೆ ಕರೆಂಟ್ ಬಂದಾಗ ಆಯಸ್ಕಾಂತವಾಗುವ ತಂತಿಯ ಸುರುಳಿ. ಸ್ಪ್ರಿಂಗ್ ಯಾವಾಗಲೂ ತಟ್ಟೆಯನ್ನು ಡಿಸ್ಕಿಗೆ ಒತ್ತಿ ಹಿಡಿದಿರುತ್ತದೆ. ಕಾಯಿಲ್‌ಗೆ ಕರೆಂಟ್ ಬಂದಾಗ ಮಾತ್ರ ತಟ್ಟೆ ಹಿಂದಕ್ಕೆ ಸರಿದು ಬ್ರೇಕ್ ಬಿಡುತ್ತದೆ. ಅಂದರೆ ಕರೆಂಟ್ ಇದ್ದರೆ ಬಿಡುಗಡೆ, ಇಲ್ಲದಿದ್ದರೆ ಹಿಡಿತ. ಬ್ಯಾಟರಿ ಸತ್ತರೂ, ವೈರ್ ತುಂಡಾದರೂ ಕುರ್ಚಿ ನಿಂತಲ್ಲೇ ನಿಲ್ಲಬೇಕು ಅನ್ನುವುದು ಇದರ ಉದ್ದೇಶ. ಇಳಿಜಾರಿನ ನಮ್ಮ ಊರಿಗೆ ಇದಕ್ಕಿಂತ ಮುಖ್ಯವಾದ ಭಾಗ ಕುರ್ಚಿಯಲ್ಲಿ ಇನ್ನೊಂದಿಲ್ಲ.

ಬ್ರೇಕ್ ಸರಿ ಇದೆಯಾ ಅಂತ ಮನೆಯಲ್ಲೇ ನೋಡುವುದು ಹೇಗೆ?

ಕಿವಿ ಸಾಕು. ಸಪಾಟಾದ ನೆಲದಲ್ಲಿ, ಟಿವಿ ಆರಿಸಿ, ಕುರ್ಚಿ ಆನ್ ಮಾಡಿ. ಜಾಯ್‌ಸ್ಟಿಕ್ಕನ್ನು ಒಂದು ಚೂರು ಮುಂದಕ್ಕೆ ತಳ್ಳಿ. ಎಡದಿಂದಲೂ ಬಲದಿಂದಲೂ 'ಟಕ್' ಅನ್ನುವ ಸದ್ದು ಬರಬೇಕು. ಎರಡೂ ಒಟ್ಟಿಗೇ ಬರುವುದರಿಂದ ಒಂದೇ ಸದ್ದಿನ ಹಾಗೆ ಕೇಳಬಹುದು. ಆಗ ಮೇಲೆ ಹೇಳಿದಂತೆ ಚಕ್ರ ನೆಲ ಬಿಡಿಸಿ, ಒಬ್ಬರು ಬಗ್ಗಿ ಒಂದೊಂದು ಮೋಟಾರಿನ ಹಿಂಬದಿಗೆ ಬೆರಳ ತುದಿ ಮುಟ್ಟಿಸಿ ನೋಡಲಿ, ಚಕ್ರದ ಹತ್ತಿರ ಕೈ ಹೋಗದಂತೆ. ಒಳಗೆ ತಟ್ಟೆ ಬಡಿಯುವುದು ಬೆರಳಿಗೆ ಗೊತ್ತಾಗುತ್ತದೆ. ಜಾಯ್‌ಸ್ಟಿಕ್ ಬಿಟ್ಟು ಕುರ್ಚಿ ನಿಂತ ಸ್ವಲ್ಪ ಹೊತ್ತಿಗೆ ಮತ್ತೆ 'ಟಕ್'. ಅದು ಬ್ರೇಕ್ ಹಿಡಿದ ಸದ್ದು.

ಆಮೇಲೆ ಚಕ್ರ ನೆಲಕ್ಕಿಳಿಸಿ, ಪವರ್ ಆರಿಸಿ ಹಿಂದಿನಿಂದ ಜೋರಾಗಿ ತಳ್ಳಿ. ಚಕ್ರ ಉರುಳಬಾರದು. ನುಣುಪು ಟೈಲ್ಸ್ ಮೇಲೆ ಟೈರ್ ಎಳೆದುಕೊಂಡು ಜಾರಿದರೆ ಪರವಾಗಿಲ್ಲ, ಉರುಳಿದರೆ ಬ್ರೇಕ್ ಹಿಡಿಯುತ್ತಿಲ್ಲ ಅಂತ ಅರ್ಥ. ವಾರಕ್ಕೊಮ್ಮೆ ಇಷ್ಟು ಮಾಡಿ. ಮಳೆಗಾಲದಲ್ಲಿ ದಿನಾ ಮಾಡಿದರೂ ಜಾಸ್ತಿಯಲ್ಲ.

ಜಾಯ್‌ಸ್ಟಿಕ್ ಮೇಲಿನ ದೀಪಗಳು ಮಿನುಗುತ್ತವೆ, ಕುರ್ಚಿ ಅಲ್ಲಾಡಲ್ಲ. ಏನರ್ಥ?

ಎಷ್ಟು ದೀಪ ಮಿನುಗುತ್ತಿವೆ ಅಂತ ಎಣಿಸಿ. ಕಂಪನಿಯಿಂದ ಕಂಪನಿಗೆ ಲೆಕ್ಕ ಬೇರೆ ಇರುತ್ತದೆ, ಹಾಗಾಗಿ ನಿಮ್ಮ ಪುಸ್ತಕವನ್ನೇ ನೋಡಿ. ತುಂಬ ಕುರ್ಚಿಗಳಲ್ಲಿ ಇರುವ ವಿಆರ್2 ಅನ್ನುವ ಮಾದರಿಯ ಕಂಟ್ರೋಲರ್‌ನದ್ದು ಹೀಗಿದೆ. 1 ದೀಪ: ಬ್ಯಾಟರಿ ಇಳಿದಿದೆ ಅಥವಾ ಅದರ ಜೋಡಣೆ ಸಡಿಲ. 2: ಎಡ ಮೋಟಾರಿನ ಸಂಪರ್ಕ ಸರಿ ಇಲ್ಲ. 3: ಎಡ ಮೋಟಾರಿನ ವೈರ್ ಬ್ಯಾಟರಿ ವೈರಿಗೆ ಶಾರ್ಟ್ ಆಗಿದೆ. 4 ಮತ್ತು 5: ಅದೇ ಎರಡು ದೋಷ, ಬಲಗಡೆಯಲ್ಲಿ. 6: ಚಾರ್ಜರ್ ಚುಚ್ಚಿಯೇ ಇದೆ, ಕಿತ್ತರೆ ಸರಿಹೋಗುತ್ತದೆ. 7: ಜಾಯ್‌ಸ್ಟಿಕ್ ದೋಷ. 8: ಕಂಟ್ರೋಲ್ ವ್ಯವಸ್ಥೆಯ ದೋಷ. 9: ಬ್ರೇಕಿನ ಸಂಪರ್ಕ ಸರಿ ಇಲ್ಲ. 10: ವೋಲ್ಟೇಜ್ ಮಿತಿ ಮೀರಿದೆ, ಹೆಚ್ಚಾಗಿ ಬ್ಯಾಟರಿ ಜೋಡಣೆ ಸಡಿಲವಾಗಿ.

'ಸಂಪರ್ಕ ಸರಿ ಇಲ್ಲ' ಅನ್ನುವ ಮಾತನ್ನು ಗಮನಿಸಿ. ಮೋಟಾರ್ ಹೋಗಿದೆ ಅಂತ ಕಂಟ್ರೋಲರ್ ಹೇಳುತ್ತಿಲ್ಲ. ಆ ದಾರಿಯಲ್ಲಿ ಎಲ್ಲೋ ಕರೆಂಟ್ ಹರಿಯುತ್ತಿಲ್ಲ ಅಂತಷ್ಟೇ ಹೇಳುತ್ತಿದೆ. ಮೊದಲು ಮೋಟಾರಿನ ಪ್ಲಗ್ ಬಿಚ್ಚಿ ಪಿನ್ ನೋಡಿ. ಹಸಿರು ಕಿಲುಬು ಇದೆಯಾ, ಸುಟ್ಟು ಕಂದಾಗಿದೆಯಾ, ಪಿನ್ ಹಿಂದಕ್ಕೆ ಸರಿದಿದೆಯಾ? ತೋಟದ ಮನೆಗಳಲ್ಲಿ ಇಲಿ ಕಡಿದ ವೈರ್ ಕೂಡ ಅಪರೂಪವಲ್ಲ. ಕಿಲುಬಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ, ಗಟ್ಟಿಯಾಗಿ ಕೂರಿಸಿ. 9 ಬಂದರೆ ಮೊದಲು ಮೋಟಾರಿನ ಫ್ರೀವೀಲ್ ಲಿವರ್ (ಕುರ್ಚಿಯನ್ನು ಕೈಯಲ್ಲಿ ತಳ್ಳಲು ಚಕ್ರವನ್ನು ಬಿಡಿಸುವ ಹಿಡಿ) ತೆರೆದಿದೆಯಾ ನೋಡಿ. ಕಾರಿಗೆ ಹತ್ತಿಸುವಾಗ ತೆರೆದು, ಮುಚ್ಚಲು ಮರೆತಿರುತ್ತಾರೆ.

ಮೋಟಾರ್ ಸುಟ್ಟಿದೆ, ಹೊಸದು ತರಿಸಬೇಕು ಅಂದ್ರು. ನಂಬಬೇಕಾ?

ಪರೀಕ್ಷೆ ಮಾಡಿ ನಂಬಿ. ಎರಡು ಪ್ಲಗ್ ಅದಲು ಬದಲು ಮಾಡುವುದು ತೀರಾ ಸುಲಭದ ಪರೀಕ್ಷೆ. ಪವರ್ ಆರಿಸಿ, ಎಡ ಮೋಟಾರಿನ ಪ್ಲಗ್ಗನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿ. ಮೊದಲು ಎಡ ಅಂತ ತೋರಿಸುತ್ತಿದ್ದ ದೋಷ ಈಗ ಬಲ ಅಂತ ತೋರಿಸಿದರೆ, ದೋಷ ಮೋಟಾರಿನಲ್ಲಿ ಅಥವಾ ಅದರ ವೈರ್‌ನಲ್ಲಿದೆ. ಇನ್ನೂ ಎಡ ಅಂತಲೇ ತೋರಿಸಿದರೆ ಕಂಟ್ರೋಲರ್ ಕಡೆ ನೋಡಬೇಕು, ಆಗ ಹೊಸ ಮೋಟಾರ್ ತರಿಸಿದ ದುಡ್ಡು ದಂಡ. ಈ ಪರೀಕ್ಷೆಯಲ್ಲಿ ಚಕ್ರ ನೆಲ ಮುಟ್ಟಲೇಬಾರದು, ಕುರ್ಚಿ ಉಲ್ಟಾ ಓಡುತ್ತದೆ.

ಕರೆಂಟ್ ಕೆಲಸದ ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಪ್ಲಗ್ಗಿನಲ್ಲಿ ಸಾಮಾನ್ಯವಾಗಿ ಎರಡು ದಪ್ಪ ಪಿನ್, ಎರಡು ಸಣ್ಣ ಪಿನ್ ಇರುತ್ತವೆ. ದಪ್ಪದ್ದು ಮೋಟಾರಿಗೆ, ಸಣ್ಣದ್ದು ಬ್ರೇಕಿಗೆ. ದಪ್ಪ ಪಿನ್‌ಗಳ ನಡುವೆ ಓಮ್ (ಕರೆಂಟಿಗೆ ಇರುವ ತಡೆಯ ಅಳತೆ) ತುಂಬಾ ಕಡಿಮೆ, ಸಾಮಾನ್ಯವಾಗಿ ಒಂದೆರಡರೊಳಗೆ. ಫ್ರೀವೀಲ್ ಲಿವರ್ ತೆರೆದು ಚಕ್ರವನ್ನು ಸ್ವಲ್ಪ ತಿರುಗಿಸಿ, ನಿಲ್ಲಿಸಿ, ಆಮೇಲೆ ಓದಿ. ತಿರುಗುವಾಗಲೇ ಓದಬೇಡಿ, ಮೋಟಾರ್ ತಾನೇ ವೋಲ್ಟೇಜ್ ಹುಟ್ಟಿಸಿ ಮೀಟರನ್ನು ದಾರಿ ತಪ್ಪಿಸುತ್ತದೆ. ಲಿವರ್ ತೆರೆದರೆ ಕೆಲವು ಕುರ್ಚಿಗಳಲ್ಲಿ ಗೇರೇ ಬಿಟ್ಟುಕೊಳ್ಳುತ್ತದೆ. ಅಂಥದರಲ್ಲಿ ಚಕ್ರ ತಿರುಗಿಸಿದರೂ ಮೋಟಾರ್ ತಿರುಗುವುದಿಲ್ಲ. ಹೀಗೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಓದುವಾಗ ಕೆಲವು ಜಾಗದಲ್ಲಿ ಓಮ್ ಏಕ್‌ದಂ ಏರಿದರೆ ಕಾರ್ಬನ್ ಬ್ರಷ್ (ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡು) ಸವೆದಿದೆ, ಇಲ್ಲವೇ ಕಮ್ಯುಟೇಟರ್ (ಆ ಬ್ರಷ್ ಉಜ್ಜುತ್ತಾ ಓಡುವ ತಾಮ್ರದ ಪಟ್ಟಿಗಳ ಉರುಳೆ) ಕೊಳೆಯಾಗಿದೆ. ಪಿನ್‌ನಿಂದ ಮೋಟಾರಿನ ಲೋಹದ ಮೈಗೆ ಸಂಪರ್ಕವೇ ಇರಬಾರದು. ಇದ್ದರೆ ಒಳಗೆ ನೀರು ಅಥವಾ ಕಾರ್ಬನ್ ಪುಡಿ ತುಂಬಿದೆ ಅಂತ ಲೆಕ್ಕ.

ಸಣ್ಣ ಪಿನ್‌ಗಳ ನಡುವೆ ಬ್ರೇಕ್ ಕಾಯಿಲ್. ಅದರ ಓಮ್ ಹತ್ತಾರು ಇರುತ್ತದೆ, ಮೋಟಾರಿಗಿಂತ ಎಷ್ಟೋ ಜಾಸ್ತಿ. ಎಡಕ್ಕೂ ಬಲಕ್ಕೂ ಹೋಲಿಸಿ, ಎರಡೂ ಹತ್ತಿರ ಹತ್ತಿರ ಇರಬೇಕು. ಒಂದರಲ್ಲಿ ಏನೂ ತೋರಿಸದಿದ್ದರೆ ಆ ಕಾಯಿಲ್ ಅಥವಾ ಅದರ ವೈರ್ ತುಂಡಾಗಿದೆ.

ಕಾರ್ಬನ್ ಬ್ರಷ್ ನಾವೇ ಬದಲಿಸಬಹುದಾ?

ಮೋಟಾರಿನ ಬದಿಯಲ್ಲಿ ಸ್ಕ್ರೂ ಹಾಕಿದ ಪ್ಲಾಸ್ಟಿಕ್ ಬಿಲ್ಲೆಗಳಿದ್ದರೆ ಧಾರಾಳವಾಗಿ. ಹೊರಗೆ ತೆಗೆಯುವಾಗ ಯಾವ ಬ್ರಷ್ ಯಾವ ತೂತಿನದು, ಯಾವ ಮುಖ ಯಾವ ಕಡೆ ಅಂತ ಗುರುತು ಹಾಕಿ. ಮುಖ ಕಮ್ಯುಟೇಟರಿನ ದುಂಡಿಗೆ ಸವೆದು ಕೂತಿರುತ್ತದೆ, ತಿರುಗಿಸಿ ಹಾಕಿದರೆ ಕಿಡಿ ಹಾರುತ್ತದೆ. ಹೊಸದರ ಮೂರನೇ ಒಂದು ಭಾಗಕ್ಕೆ ಇಳಿದಿದ್ದರೆ ಬದಲಿಸಿ. ಒಂದನ್ನೇ ಅಲ್ಲ, ಆ ಮೋಟಾರಿನ ಎಲ್ಲವನ್ನೂ. ಮುಖ ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಒಳ್ಳೆಯದು. ಅಂಚು ಒಡೆದು ಒರಟಾಗಿದ್ದರೆ ಕಮ್ಯುಟೇಟರ್ ಕೂಡ ನೋಡಿಸಬೇಕು.

ಕಾರಿನ ಸ್ಟಾರ್ಟರ್ ಕಾರ್ಬನ್ ತಂದು ಉಜ್ಜಿ ಅಳತೆಗೆ ಕೂರಿಸುವವರಿದ್ದಾರೆ. ದಯವಿಟ್ಟು ಬೇಡ. ಅದರಲ್ಲಿ ತಾಮ್ರ ಜಾಸ್ತಿ. ಸ್ಟಾರ್ಟರ್ ಓಡುವುದು ಕ್ಷಣಗಳ ಲೆಕ್ಕದಲ್ಲಿ, ಕುರ್ಚಿ ಓಡುವುದು ದಿನವಿಡೀ. ಕಮ್ಯುಟೇಟರ್ ಬೇಗ ಸವೆಯುತ್ತದೆ. ಹಳೆಯ ಬ್ರಷ್ಷನ್ನೇ ಮಾದರಿಗೆ ಕಳಿಸಿ ಅದೇ ದರ್ಜೆಯದನ್ನು ತರಿಸಿ.

ಕುರ್ಚಿ ಒಂದೇ ಕಡೆಗೆ ಎಳೆಯುತ್ತದೆ.

ಮೊದಲು ಟೈರಿನ ಗಾಳಿ ನೋಡಿ. ಆಮೇಲೆ ಮುಂದಿನ ಸಣ್ಣ ಚಕ್ರಗಳಿಗೆ ಕೂದಲು, ಹುಲ್ಲು ಸುತ್ತಿದೆಯಾ ನೋಡಿ. ಎರಡೂ ಸರಿ ಇದ್ದರೆ ಒಂದು ಸಪಾಟು ಜಾಗದಲ್ಲಿ ಸ್ವಲ್ಪ ಓಡಿಸಿ, ಎರಡೂ ಮೋಟಾರ್ ಮುಟ್ಟಿ ನೋಡಿ. ಎಳೆಯುವ ಕಡೆಯ ಮೋಟಾರಿನ ಹಿಂಬದಿ ಇನ್ನೊಂದಕ್ಕಿಂತ ಬಿಸಿ ಇದ್ದರೆ ಆ ಬ್ರೇಕ್ ಪೂರ್ತಿ ಬಿಡುತ್ತಿಲ್ಲ, ತಟ್ಟೆ ಉಜ್ಜಿಕೊಂಡೇ ಓಡುತ್ತಿದೆ. ಬಿಸಿ ಇಲ್ಲದೆ ಸುಮ್ನೆ ಶಕ್ತಿ ಕಡಿಮೆ ಅನಿಸಿದರೆ ಬ್ರಷ್ ಮೇಲೆ ಅನುಮಾನ.

ಮಳೆಗಾಲವಿಡೀ ಜಗಲಿಯಲ್ಲಿ ನಿಂತಿತ್ತು. ಈಗ ಟಕ್ ಅನ್ನುತ್ತೆ, ಆದರೆ ಚಕ್ರ ಬಿಗಿಯಾಗಿದೆ.

ಕಕ್ಕಡದ (ಜುಲೈ-ಆಗಸ್ಟ್‌ನ ಮಳೆ ತಿಂಗಳು) ತೇವಕ್ಕೆ ಬಟ್ಟೆಯೇ ಬೂಷ್ಟು ಹಿಡಿಯುತ್ತದೆ, ಕಬ್ಬಿಣ ಬಿಡುತ್ತದಾ? ಬ್ರೇಕ್ ಹಿಡಿದ ಸ್ಥಿತಿಯಲ್ಲೇ ತಿಂಗಳುಗಟ್ಟಲೆ ನಿಂತರೆ ತಟ್ಟೆಗೆ ತುಕ್ಕು ಬಂದು ಡಿಸ್ಕ್ ಅದಕ್ಕೆ ಅಂಟಿಕೊಳ್ಳುತ್ತದೆ. ಕಾಯಿಲ್ ತಟ್ಟೆಯನ್ನು ಎಳೆದರೂ ಡಿಸ್ಕ್ ಕಚ್ಚಿಕೊಂಡೇ ಇರುತ್ತದೆ.

ಜಾಯ್‌ಸ್ಟಿಕ್ಕನ್ನು ಪೂರ್ತಿ ತಳ್ಳಿ ಬಲವಂತ ಮಾಡಬೇಡಿ. ತಿರುಗದ ಮೋಟಾರಿಗೆ ಕರೆಂಟ್ ನುಗ್ಗಿದರೆ ಅದು ನಿಜವಾಗಿಯೂ ಸುಡುತ್ತದೆ. ಫ್ರೀವೀಲ್ ಲಿವರ್ ತೆರೆದು, ಚಕ್ರವನ್ನು ಕೈಯಲ್ಲಿ ಹಿಂದೆ ಮುಂದೆ ಅಲ್ಲಾಡಿಸಿ. ಹೆಚ್ಚಿನ ಸಲ ಬಿಡುತ್ತದೆ. ಬಿಡದಿದ್ದರೆ ಬ್ರೇಕಿನ ಮುಚ್ಚಳ ಬಿಚ್ಚಿ, ಡಿಸ್ಕ್ ತೆಗೆದು, ತುಕ್ಕನ್ನು ಸಣ್ಣ ಮರಳು ಕಾಗದದಲ್ಲಿ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಬೇಕು. ಇದನ್ನು ಕೆಲಸ ಗೊತ್ತಿದ್ದವರು ಮಾಡಲಿ, ಒಳಗಿನ ಅಂತರ ಒಂದು ಮಿಲಿಮೀಟರಿಗಿಂತಲೂ ಎಷ್ಟೋ ಕಡಿಮೆ, ಸ್ಕ್ರೂ ಹೇಗೋ ಬಿಗಿದರೆ ಆಗುವುದಿಲ್ಲ.

ತುಕ್ಕು ಕಂಡರೆ ನಮ್ಮ ಕೈ ಎಣ್ಣೆ ಡಬ್ಬಿಗೇ ಹೋಗುತ್ತದೆ. ಇಲ್ಲಿ ಮಾತ್ರ ಎಣ್ಣೆ, ಗ್ರೀಸ್, ತುಕ್ಕು ಬಿಡಿಸುವ ಸ್ಪ್ರೇ ಯಾವುದೂ ಬೇಡ. ಡಿಸ್ಕಿಗೆ ಎಣ್ಣೆ ತಾಗಿದರೆ ಬ್ರೇಕ್ ಜಾರುತ್ತದೆ. ಒರೆಸಿದರೂ ಪೂರ್ತಿ ಹೋಗುವುದಿಲ್ಲ, ಡಿಸ್ಕ್ ಬದಲಿಸಬೇಕಾಗುತ್ತದೆ.

ಓಡಿಸುವ ಕೆಲಸ ಇಲ್ಲದಿದ್ದರೂ ಮಳೆಗಾಲದಲ್ಲಿ ಎರಡು ಮೂರು ದಿನಕ್ಕೊಮ್ಮೆ ಕುರ್ಚಿ ಆನ್ ಮಾಡಿ ಮನೆಯೊಳಗೇ ನಾಲ್ಕು ಹೆಜ್ಜೆ ಓಡಿಸಿ. ಜಗಲಿಯಲ್ಲಿ ಇಡುವುದಾದರೆ ಎರಚಲು ಬೀಳದ ಮೂಲೆ ನೋಡಿ. ಪ್ಲಾಸ್ಟಿಕ್ ಹೊದಿಸುವಾಗ ಕೆಳಗೆ ಗಾಳಿಯಾಡಲು ಬಿಡಿ, ಸುತ್ತಿ ಕಟ್ಟಿದರೆ ಒಳಗೇ ಬೆವರುತ್ತದೆ. ಕೆಸರು ಹಿಡಿದರೆ ಪೈಪಿನಲ್ಲಿ ನೀರು ಹೊಡೆಯಬೇಡಿ, ಒಣಗಲು ಬಿಟ್ಟು ಬ್ರಷ್ಷಿನಲ್ಲಿ ಉದುರಿಸಿ.

ಬ್ರೇಕ್ ಕೆಟ್ಟಿದೆ. ಸದ್ಯಕ್ಕೆ ಬೈಪಾಸ್ ಮಾಡಿಕೊಡ್ತೀನಿ ಅಂತ ಮೆಕ್ಯಾನಿಕ್ ಹೇಳ್ತಾರೆ. ಮಾಡಿಸಲಾ?

ಬೇಡ. ಎಷ್ಟೇ ಅವಸರ ಇದ್ದರೂ ಬೇಡ.

ಹೇಗೆ ಮಾಡುತ್ತಾರೆ ಅಂತ ಗೊತ್ತಿದ್ದರೆ ಯಾಕೆ ಬೇಡ ಅನ್ನುವುದು ತಾನೇ ಗೊತ್ತಾಗುತ್ತದೆ. ನಾಪೋಕ್ಲು ಕಡೆಯ ಒಂದು ಮನೆಯಲ್ಲಿ ಕುರ್ಚಿಯ ಹಿಂದಿನ ಮುಚ್ಚಳ ತೆಗೆದಾಗ ಕಂಡದ್ದು ಇದು. ಬ್ರೇಕಿನ ಎರಡು ಸಣ್ಣ ವೈರ್ ಕತ್ತರಿಸಿದ್ದರು. ಅವುಗಳ ಜಾಗದಲ್ಲಿ ಒಂದು ರೆಸಿಸ್ಟರ್ (ಕಾಯಿಲ್‌ನಷ್ಟೇ ಓಮ್ ತೋರಿಸುವ ಸಣ್ಣ ಭಾಗ) ಬೆಸುಗೆ ಹಾಕಿ ಕಪ್ಪು ಟೇಪ್ ಸುತ್ತಿದ್ದರು. ಫ್ರೀವೀಲ್ ಲಿವರನ್ನು ತೆರೆದ ಸ್ಥಿತಿಯಲ್ಲೇ ಕೇಬಲ್ ಟೈ ಹಾಕಿ ಬಿಗಿದಿದ್ದರು. ರೆಸಿಸ್ಟರ್ ಇರುವುದರಿಂದ ಕಾಯಿಲ್ ಸರಿ ಇದೆ ಅಂತ ಕಂಟ್ರೋಲರ್ ನಂಬುತ್ತದೆ. ದೀಪ ಮಿನುಗುವುದಿಲ್ಲ, ಕುರ್ಚಿ ಚೆನ್ನಾಗಿಯೇ ಓಡುತ್ತದೆ. ಮನೆಯವರಿಗೆ ಏನೂ ಗೊತ್ತಾಗುವುದಿಲ್ಲ. ಆ ಅಂಗಳದ ಅಂಚಿಗೆ ಒಂದು ಕಟ್ಟೆ ಕೂಡ ಇರಲಿಲ್ಲ, ಕೆಳಗೆ ತೋಟ. ಕುರ್ಚಿಯಲ್ಲಿ ದಿನಾ ಕೂರುತ್ತಿದ್ದ ಅಜ್ಜಿಗೆ ಕಾಲಿನಲ್ಲಿ ತಡೆಯುವ ಶಕ್ತಿ ಇಲ್ಲ.

ಇಳಿಜಾರಿನಲ್ಲಿ ಪವರ್ ಆರಿಸಿದ ಕ್ಷಣ, ಅಥವಾ ಬ್ಯಾಟರಿ ಪ್ಲಗ್ ಸಡಿಲಾದ ಕ್ಷಣ, ಅಂಥ ಕುರ್ಚಿಯ ಒಂದು ಚಕ್ರವನ್ನು ಹಿಡಿಯುವವರು ಯಾರೂ ಇಲ್ಲ. ಇನ್ನೊಂದು ಚಕ್ರದ ಬ್ರೇಕ್ ಹಿಡಿದರೂ ಕುರ್ಚಿ ಅದರ ಸುತ್ತ ತಿರುಗಿ ಪಕ್ಕಕ್ಕೆ ವಾಲುತ್ತದೆ. ಎರಡನ್ನೂ ಬೈಪಾಸ್ ಮಾಡಿದ್ದರೆ ಹೇಳುವುದೇ ಬೇಡ.

ಬ್ರೇಕ್ ಸಿಗುವವರೆಗೆ ಕೈಯಲ್ಲಿ ತಳ್ಳುವ ಕುರ್ಚಿ ಬಳಸಿ. ಹಳೆಯ ಕುರ್ಚಿ ಕೊಂಡವರು, ರಿಪೇರಿ ಆಗಿ ಬಂದ ಕುರ್ಚಿ ಇರುವವರು ಮೇಲೆ ಹೇಳಿದ ತಳ್ಳಿ ನೋಡುವ ಪರೀಕ್ಷೆಯನ್ನು ಇವತ್ತೇ ಮಾಡಿ. ಒಂದೊಂದು ಮೋಟಾರಿನಿಂದಲೂ 'ಟಕ್' ಬರುತ್ತದೆಯಾ ಅಂತ ಬೆರಳಿಟ್ಟು ನೋಡಿ. ರಿಪೇರಿಗೆ ಕೊಡುವಾಗಲೇ 'ಬ್ರೇಕ್ ಬೈಪಾಸ್ ಮಾಡಬಾರದು' ಅಂತ ಚೀಟಿಯಲ್ಲಿ ಬರೆಸಿ.

ಎಷ್ಟು ಇಳಿಜಾರು ಪರವಾಗಿಲ್ಲ? ಮನೆಯ ಏರಿನಲ್ಲಿ ಅರ್ಧಕ್ಕೇ ನಿಧಾನವಾಗುತ್ತೆ.

ಮಿತಿ ನಿಮ್ಮ ಕುರ್ಚಿಯ ಪುಸ್ತಕದಲ್ಲಿ ಡಿಗ್ರಿಯಲ್ಲಿ ಇರುತ್ತದೆ. ಸಾಮಾನ್ಯ ಕುರ್ಚಿಗಳಿಗೆ ಹೆಚ್ಚಾಗಿ 6ರಿಂದ 10 ಡಿಗ್ರಿ. ಅಳೆಯುವುದು ಸುಲಭ. ಒಂದು ಮೀಟರ್ ಉದ್ದದ ನೇರ ಪಟ್ಟಿಯ ಮೇಲಿನ ತುದಿಯನ್ನು ನೆಲಕ್ಕೆ ತಾಗಿಸಿ, ಗಾರೆ ಮೇಸ್ತ್ರಿಯ ನೀರುಮಟ್ಟ ಇಟ್ಟು ಸಮ ಮಾಡಿ. ಕೆಳ ತುದಿಯಿಂದ ನೆಲಕ್ಕೆ 10 ಸೆಂಟಿಮೀಟರ್ ಇದ್ದರೆ ಸುಮಾರು 6 ಡಿಗ್ರಿ, 17-18 ಇದ್ದರೆ 10 ಡಿಗ್ರಿ. ಕಟ್ಟಡಗಳ ರ‍್ಯಾಂಪಿಗೆ ಹೇಳುವ 12 ಅಡಿಗೆ 1 ಅಡಿ ಲೆಕ್ಕ 5 ಡಿಗ್ರಿಯೊಳಗೇ ಬರುತ್ತದೆ. ನಮ್ಮಲ್ಲಿ ಎಷ್ಟೋ ಮನೆಯ ದಾರಿ ಇದಕ್ಕಿಂತ ಕಡಿದು. ಅಂಥ ಕಡೆ ಮೋಟಾರ್ ರಿಪೇರಿಗಿಂತ ದಾರಿಯನ್ನು ಸ್ವಲ್ಪ ಸುತ್ತುಬಳಸಿ ತಗ್ಗಿಸುವುದೇ ಸರಿಯಾದ ರಿಪೇರಿ.

ಅರ್ಧಕ್ಕೆ ನಿಧಾನವಾಗುವುದು ಹೆಚ್ಚಾಗಿ ದೋಷವಲ್ಲ. ಮೋಟಾರ್ ಅಥವಾ ಕಂಟ್ರೋಲರ್ ಬಿಸಿಯಾದಾಗ ಕರೆಂಟನ್ನು ತಾನೇ ಇಳಿಸುತ್ತದೆ. ಅಲ್ಲೇ ನಿಂತು ತಣ್ಣಗಾಗಲು ಬಿಡಿ. ಮೊದಲು ಸಲೀಸಾಗಿ ಹತ್ತುತ್ತಿದ್ದ ಏರಿನಲ್ಲಿ ಈಗ ಏದುಸಿರು ಬಿಟ್ಟರೆ ಬ್ಯಾಟರಿ ನೋಡಿ. ಹತ್ತುವಾಗ 24 ವೋಲ್ಟಿನ ಬ್ಯಾಟರಿ 22ಕ್ಕಿಂತ ಕೆಳಗೆ ಕುಸಿಯುತ್ತಿದ್ದರೆ ಮೋಟಾರಿನ ತಪ್ಪಲ್ಲ. ಏರಿನಲ್ಲಿ ಅಡ್ಡಕ್ಕೆ ತಿರುಗಿಸಬೇಡಿ, ನೇರವಾಗಿ ಹತ್ತಿ ನೇರವಾಗಿ ಇಳಿಯಿರಿ.

ಬೆಳಿಗ್ಗೆ ಚಾರ್ಜ್ ತುಂಬಿದ ಕೂಡಲೇ ಇಳಿಜಾರಿಗೆ ಹೋದರೆ ಕುರ್ಚಿ ಗಕ್ಕನೆ ನಿಲ್ಲುತ್ತೆ. ಯಾಕೆ?

ಇಳಿಯುವಾಗ ಮೋಟಾರ್ ಕರೆಂಟ್ ಹುಟ್ಟಿಸಿ ಬ್ಯಾಟರಿಗೆ ತಳ್ಳುತ್ತದೆ ಅಂದೆನಲ್ಲ. ತುಂಬಿದ ಬ್ಯಾಟರಿಗೆ ಅದನ್ನು ತೆಗೆದುಕೊಳ್ಳಲು ಜಾಗ ಇಲ್ಲ. ವೋಲ್ಟೇಜ್ ಏರುತ್ತದೆ, ಕಂಟ್ರೋಲರ್ ಕೈ ಎತ್ತುತ್ತದೆ. ಬ್ಯಾಟರಿಯ ನಟ್ ಸಡಿಲ ಇದ್ದರೂ ಹೀಗೇ ಆಗುತ್ತದೆ, ಅದನ್ನು ಮೊದಲು ಬಿಗಿ ಮಾಡಿ. ಆಮೇಲೆ ವೇಗವನ್ನು ತೀರಾ ಕಡಿಮೆಗೆ ಇಟ್ಟು ಇಳಿಯಿರಿ. ಗುಡ್ಡದ ಮೇಲಿನ ಮನೆಯವರು ಹೊರಡುವ ಮೊದಲು ಸಪಾಟಿನಲ್ಲಿ ಸ್ವಲ್ಪ ಓಡಿಸಿದರೂ ಸಹಾಯವಾಗುತ್ತದೆ.

ಓಡುವಾಗ ಪವರ್ ಬಟನ್ ಒತ್ತಿ ನಿಲ್ಲಿಸುವ ಅಭ್ಯಾಸ ಬಿಡಿಸಿ. ನಿಂತ ಮೇಲೆ ಹಿಡಿಯಬೇಕಾದ ಬ್ರೇಕ್ ಓಡುವಾಗಲೇ ಬಡಿದುಕೊಂಡು ಸವೆಯುತ್ತದೆ, ಕೂತವರು ಮುಂದಕ್ಕೆ ಬೀಳುತ್ತಾರೆ. ಜಾಯ್‌ಸ್ಟಿಕ್ ಬಿಟ್ಟರೂ ಕುರ್ಚಿ ನಿಲ್ಲದಿದ್ದಾಗ ಮಾತ್ರ ಅದು ಬೇಕು.

ಗೇರಿನಿಂದ ಕರಕರ ಸದ್ದು, ಕೆಳಗೆ ಎಣ್ಣೆ ಹನಿ.

ಸದ್ದು ಬೇರಿಂಗಿನದೂ ಇರಬಹುದು. ಎಣ್ಣೆ ಹನಿ ಕಂಡರೆ ತಡಮಾಡಬೇಡಿ. ಸೀಲ್ ಹೋಗಿ ಎಣ್ಣೆ ಮೋಟಾರಿನೊಳಗೆ ಹೊಕ್ಕರೆ ಬ್ರಷ್ ಹಾಳು.

ಕರೆಂಟ್ ಇಲ್ಲ, ಬ್ಯಾಟರಿ ಸತ್ತಿದೆ. ತಳ್ಳಿಕೊಂಡು ಹೋಗಬಹುದಾ?

ಎರಡೂ ಮೋಟಾರಿನ ಫ್ರೀವೀಲ್ ಲಿವರ್ ತೆರೆದರೆ ಹೋಗಬಹುದು, ಸಪಾಟಿನಲ್ಲಿ ಮಾತ್ರ. ಲಿವರ್ ತೆರೆದ ಕುರ್ಚಿಗೆ ಬ್ರೇಕೇ ಇಲ್ಲ. ಬ್ಯಾಟರಿ, ಕೂತವರು ಎಲ್ಲ ಸೇರಿ ನೂರು ಕಿಲೋ ಸುಲಭವಾಗಿ ದಾಟುತ್ತದೆ, ಇಳಿಜಾರಿನಲ್ಲಿ ಒಬ್ಬರ ಕೈಗೆ ನಿಲ್ಲುವುದಿಲ್ಲ. ಅಲ್ಲಿ ಕೂತವರನ್ನು ಮೊದಲು ಇಳಿಸಿ.

ನಮ್ಮ ಊರಿನ ರಿವೈಂಡಿಂಗ್ ಅಂಗಡಿಯಲ್ಲಿ ಮಾಡಿಸಬಹುದಾ?

ಬೇರಿಂಗ್, ಕಮ್ಯುಟೇಟರ್ ಚೊಕ್ಕ ಮಾಡುವುದು, ವೈರ್ ಬೆಸುಗೆ ಇವೆಲ್ಲ ಪಂಪ್‌ಸೆಟ್ ಮೋಟಾರ್ ಬಿಚ್ಚಿ ಪಳಗಿದ ಕೈಗೆ ಕಷ್ಟವಲ್ಲ. ಎರಡು ಮಾತು ಹೇಳಿ ಕೊಡಿ. ಇದರ ಮೈಯೊಳಗೆ ಆಯಸ್ಕಾಂತದ ತುಂಡುಗಳಿವೆ, ಸುತ್ತಿಗೆಯಲ್ಲಿ ಹೊಡೆದರೆ ಬಿರುಕು ಬಿಡುತ್ತವೆ. ಕಮ್ಯುಟೇಟರಿಗೆ ಎಮೆರಿ ಕಾಗದ ಬೇಡ, ನುಣುಪು ಮರಳು ಕಾಗದ ಸಾಕು, ಪಟ್ಟಿಗಳ ನಡುವಿನ ಕರಿಯನ್ನು ಮರದ ಕಡ್ಡಿಯಲ್ಲಿ ತೆಗೆಯಲಿ. ಬ್ರೇಕಿನ ಭಾಗವನ್ನು ಮಾತ್ರ ವೀಲ್‌ಚೇರ್ ಕೆಲಸ ಗೊತ್ತಿದ್ದವರಿಗೇ ಬಿಡಿ.

ನಮ್ಮದು ಮಡಚುವ ಲಿಥಿಯಂ ಕುರ್ಚಿ. ಇದೆಲ್ಲ ಅದಕ್ಕೂ ಸೇರುತ್ತಾ?

ಬ್ರೇಕಿನ ಮಾತು ಪೂರ್ತಿ ಸೇರುತ್ತದೆ. ಮೋಟಾರ್ ಬ್ರಷ್ ಇಲ್ಲದ್ದಾದರೆ ಕಾರ್ಬನ್ ವಿಷಯ ಬಿಡಿ. ಅದಕ್ಕೆ ಮೂರು ದಪ್ಪ ವೈರ್, ಜೊತೆಗೆ ಮೋಟಾರಿನ ತಿರುಗುವ ಭಾಗ ಯಾವ ಸ್ಥಾನದಲ್ಲಿದೆ ಅಂತ ಹೇಳುವ ಸಣ್ಣ ಸೆನ್ಸರ್ ವೈರ್‌ಗಳು ಇರುತ್ತವೆ. ಶುರುವಿನಲ್ಲಿ ಜರ್ಕ್ ಹೊಡೆದು ತಡವರಿಸಿದರೆ ಸೆನ್ಸರ್ ಪ್ಲಗ್ ನೋಡಿ. ಮಡಚುವ ಜಾಗದಲ್ಲಿ ವೈರ್ ಸಿಕ್ಕಿ ಜಜ್ಜಿರುತ್ತದೆ. ಕೊಳ್ಳುವ ಮೊದಲು ಪವರ್ ಆರಿಸಿ ಇಳಿಜಾರಿನಲ್ಲಿ ನಿಲ್ಲಿಸಿ ತೋರಿಸಲು ಕೇಳಿ.

ಮೆಕ್ಯಾನಿಕ್‌ಗೆ ಫೋನ್ ಮಾಡುವಾಗ ಏನು ಹೇಳಬೇಕು?

ಮೈಸೂರಿನಿಂದಲೋ ಬೆಂಗಳೂರಿನಿಂದಲೋ ಒಬ್ಬರು ಘಾಟಿ ಹತ್ತಿ ಬಂದು, ಬೇಕಾದ ಭಾಗ ತಂದಿಲ್ಲ ಅಂತ ಹಿಂದಿರುಗಿದರೆ ಇಬ್ಬರಿಗೂ ನಷ್ಟ. ಕುರ್ಚಿಯ ಮಾದರಿ, ಮೋಟಾರ್ ಮೈಮೇಲಿನ ಚೀಟಿಯ ಫೋಟೋ, ಪ್ಲಗ್ಗಿನ ಫೋಟೋ ಕಳಿಸಿ. ದೀಪ ಮಿನುಗುವುದನ್ನು ವಿಡಿಯೋ ಮಾಡಿ. ಪ್ಲಗ್ ಅದಲು ಬದಲು ಮಾಡಿದಾಗ ದೋಷ ಜಾಗ ಬದಲಿಸಿತಾ ಇಲ್ಲವಾ, ಎರಡೂ ಕಡೆ 'ಟಕ್' ಬರುತ್ತಾ, ಎರಡು ಬ್ರೇಕ್‌ನ ಓಮ್ ಎಷ್ಟೆಷ್ಟು, ಇಷ್ಟು ಹೇಳಿ. ಮೋಟಾರನ್ನೇ ಕಳಿಸುವುದಾದರೆ ಬ್ರೇಕ್ ಬಿಚ್ಚದೆ ಜೊತೆಗೇ ಕಳಿಸಿ, ಎಡದ್ದೋ ಬಲದ್ದೋ ಅಂತ ಮೈಮೇಲೆ ಮಾರ್ಕರ್‌ನಲ್ಲಿ ಬರೆಯಿರಿ.